ಬಾಗಿಲ ತೂತಿನಿಂದ ಉದುರಿದ ಅಕ್ಕಿ

ಒಂದು ಸಣ್ಣ ಕಾರು ತೊಳೆಯುವುದಕ್ಕೆ ಮೂರು ದಿನ ಬೇಕೇ ಎಂದು ನಗಬೇಡಿ. ಮೊದಲು ನಾನೂ ನಕ್ಕವಳೇ. ನಾಲ್ಕು ಬಕೆಟ್ ನೀರು, ಎರಡು ಬಟ್ಟೆ, ಒಂದು ತಾಸಿನ ಕೆಲಸ ಎಂದುಕೊಂಡಿದ್ದೆ. ಆದರೆ ಈ ಕಾರು ವಿಮಾನ ಹತ್ತಿ ಆಸ್ಟ್ರೇಲಿಯಾಕ್ಕೆ ಹೋಗುವುದಿತ್ತು. ಅಲ್ಲಿಯವರು ಹೊರಗಿನ ಮಣ್ಣು, ಹುಲ್ಲಿನ ಬೀಜ, ಕಾಳುಕಡಿ ಯಾವುದನ್ನೂ ಒಳಗೆ ಬಿಡುವುದಿಲ್ಲ. ನಮ್ಮ ಬೀಜದ ಬೆನ್ನಿಗೆ ನಮ್ಮ ಹುಳ, ನಮ್ಮ ರೋಗ ಅವರ ಹೊಲಕ್ಕೆ ಇಳಿದೀತು ಎಂಬ ಭಯ. ಸಿಕ್ಕಿದರೆ ಕಾರನ್ನು ವಾಪಸ್ ಕಳಿಸುತ್ತಾರೆ, ಇಲ್ಲವೇ ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತಾರೆ. ಈ ಕಾರು ಇಷ್ಟು ವರ್ಷ ಬಾಳಿದ್ದಾದರೂ ಎಲ್ಲಿ? ಸಿರುಗುಪ್ಪದಲ್ಲಿ, ಒಂದು ರೈಸ್ ಮಿಲ್ಲಿನ ಗೋಡೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ. ಅಲ್ಲಿ ಚಹಾ ಕುಡಿಯುವಾಗಲೂ ಲೋಟದ ಮೇಲೆ ಅಂಗೈ ಮುಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಭತ್ತದ ಹೊಟ್ಟು ಬೀಳುತ್ತದೆ.

ನಾನು ಬಳ್ಳಾರಿಯಲ್ಲಿ ರಫ್ತಿನ ಕಾಗದಪತ್ರ ಮಾಡಿಸಿ ಸರಕು ಕಳಿಸಿಕೊಡುವವಳು. ಗ್ರಾನೈಟ್ ಸ್ಲ್ಯಾಬ್ ಕಳಿಸಿದ್ದೇನೆ, ಜೀನ್ಸ್ ಪ್ಯಾಂಟಿನ ಪೆಟ್ಟಿಗೆ ಕಳಿಸಿದ್ದೇನೆ. ಕಾರು ಅದೇ ಮೊದಲು, ಅದೂ ವಿಮಾನದಲ್ಲಿ.

ಕಾರಿನ ಒಡೆಯ ಆ ಗ್ಯಾರೇಜಿನ ಮೆಕ್ಯಾನಿಕ್. ಎಳವೆಯಲ್ಲೇ ಪೋಲಿಯೊ ಬಡಿದು ಎರಡೂ ಕಾಲು ಸೋತಿವೆ. ಕೈಗಳು ಮಾತ್ರ ಕಬ್ಬಿಣ. ಹಳೆಯ ಪುಟ್ಟ ಕಾರೊಂದನ್ನು ಬಿಚ್ಚಿ, ಬರೀ ಕೈಯಿಂದ ಓಡಿಸುವಂತೆ ತಾನೇ ಮಾಡಿಕೊಂಡಿದ್ದ. ಬಲಗೈ ಪಕ್ಕ, ಬಾಗಿಲಿಗೆ ತಾಗಿದಂತೆ ಒಂದು ಹಿಡಿಕೆ: ತಳ್ಳಿದರೆ ಬ್ರೇಕು, ತಿರುವಿದರೆ ವೇಗ. ಗೇರಿನ ತಲೆಯ ಮೇಲೊಂದು ಗುಂಡಿ, ಅದು ಕ್ಲಚ್ಚು. ಆರ್‌ಟಿಒ ಆಫೀಸಿನವರೂ ಓಡಿಸಿ ನೋಡಿ ಒಪ್ಪಿಗೆ ಕೊಟ್ಟಿದ್ದರು. ಅದರಲ್ಲಿ ಇರುವುದೆಲ್ಲ ಸ್ಕೂಟರಿನ ಕೇಬಲ್ಲು, ಪಂಪ್‌ಸೆಟ್ಟಿನ ಬೋಲ್ಟು. ಕೆಟ್ಟರೆ ಯಾವ ಊರಿನ ವೆಲ್ಡಿಂಗ್ ಅಂಗಡಿಯಲ್ಲೂ ರಿಪೇರಿ ಆಗುತ್ತದೆ. ಊರಿನವರು ಅದನ್ನು 'ಜುಗಾಡ್ ಗಾಡಿ', ಅಂದರೆ ಸಿಕ್ಕಿದ್ದರಿಂದ ಹೇಗೋ ಜೋಡಿಸಿದ ಗಾಡಿ, ಎಂದು ನಗುತ್ತಿದ್ದರು. ಯಾರೋ ತೆಗೆದ ವಿಡಿಯೊ ಎಲ್ಲೆಲ್ಲೋ ಸುತ್ತಿ, ಅಂಗವಿಕಲರಿಗೆ ವಾಹನ ಮಾಡಿಕೊಡುವ ಆಸ್ಟ್ರೇಲಿಯಾದ ಒಂದು ಸಂಸ್ಥೆಯವರ ಕಣ್ಣಿಗೆ ಬಿತ್ತು. ಬೇರೆ ಬೇರೆ ದೇಶಗಳಿಂದ ಇಂಥವನ್ನು ತರಿಸಿ, ಕಾಲಿಲ್ಲದವರ ಕೈಯಲ್ಲೇ ಓಡಿಸಿ ನೋಡುವ ಒಂದು ದಿನ ಇಟ್ಟಿದ್ದರು. ಅವರಿಗೆ ಹಿಡಿಸಿದರೆ ಆ ಮಾದರಿಯನ್ನು ನೂರಾರು ಜನಕ್ಕೆ ಮಾಡಿಸಿಕೊಡುವವರಿದ್ದರು. ಕಾರು ಆ ದಿನ ಅಲ್ಲಿ ಇರಬೇಕು, ಅಷ್ಟೇ. ಒಂದು ದಿನ ತಡವಾದರೂ ಆತನ ಅಷ್ಟು ವರ್ಷದ ದುಡಿಮೆ ಮತ್ತೆ ಜುಗಾಡ್ ಗಾಡಿಯೇ.

ಮೊದಲು ಹಡಗಿನಲ್ಲೇ ಕಳಿಸುವುದೆಂದು ಗೊತ್ತುಮಾಡಿದ್ದೆವು. ಹೋಗಿ ವಾಪಸ್ ಬರುವ ಕಾರಿಗೂ ಪಾಸ್‌ಪೋರ್ಟಿನಂಥ ಒಂದು ಪುಸ್ತಕ ಬೇಕು. ಅದಕ್ಕೆ ಎಂಜಿನ್ ನಂಬರು ತಾಳೆ ನೋಡಲು ಹೋದರೆ ಕಾರಿನಲ್ಲಿ ಒಂದು, ಆರ್‌ಸಿಯಲ್ಲಿ ಇನ್ನೊಂದು.

"ಏನಪ್ಪಾ, ಎಂಜಿನ್ ಬದಲಿ ಮಾಡಿದ್ದು ಹೇಳಬಾರದಿತ್ತೇನು?" ಎಂದು ರೇಗಿದೆ.

"ನೀವು ಕೇಳಲೇ ಇಲ್ಲಲ್ರೀ ಅಕ್ಕಾ," ಎಂದ ಮೆಕ್ಯಾನಿಕ್, ಏನೂ ಆಗದವನ ಹಾಗೆ.

ಆ ನಂಬರು ತಿದ್ದಿಸುವಷ್ಟರಲ್ಲಿ ಹಡಗು ಚೆನ್ನೈ ಬಿಟ್ಟಿತ್ತು. ಇನ್ನೊಂದು ಹಡಗು ಹಿಡಿದರೆ ತಲುಪುವುದು ಆ ದಿನ ಕಳೆದ ಮೇಲೆಯೇ. ನಾನು ಸಂಕೋಚ ಬಿಟ್ಟು ಸಂಸ್ಥೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವರು ಎರಡು ದಿನ ಸುಮ್ಮನಿದ್ದು, ವಿಮಾನದಲ್ಲಿ ಕಳಿಸಿ, ಖರ್ಚು ನಮ್ಮದೇ ಎಂದರು. ಅವರ ಮುಖ ನಾನು ಕಂಡಿಲ್ಲ. ಕಂಡರೆ ಕೈ ಮುಗಿಯುತ್ತೇನೆ.

ವಿಮಾನದವರ ಕಣ್ಣಿಗೆ ಕಾರೆಂದರೆ ಪಟಾಕಿ ಡಬ್ಬಿಯ ತಮ್ಮ. ಪೆಟ್ರೋಲ್ ಟ್ಯಾಂಕು ತಳ ಕಾಣುವಷ್ಟು ಬರಿದಾಗಬೇಕು. ಬ್ಯಾಟರಿಯ ವೈರು ಬಿಚ್ಚಿ, ತುದಿಗೆ ಟೇಪು ಸುತ್ತಬೇಕು. ಬೆಂಕಿ ಆರಿಸುವ ಸಿಲಿಂಡರು, ಪಂಕ್ಚರ್ ಸ್ಪ್ರೇ, ಕನ್ನಡಿಯ ಕೆಳಗೆ ತೂಗುವ ಅತ್ತರಿನ ಶೀಶೆ, ಒಂದೂ ಇರಬಾರದು. ಉದ್ದ, ಅಗಲ, ಎತ್ತರ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದು ಕೊಡಬೇಕು. ತೂಕವನ್ನು ರೈಸ್ ಮಿಲ್ಲಿನ ವೇಬ್ರಿಡ್ಜಿನಲ್ಲೇ ಮಾಡಿಸಿದೆವು. ಭತ್ತದ ಲಾರಿಗಳ ಸಾಲಿನ ನಡುವೆ ನಮ್ಮ ಪುಟ್ಟ ಕಾರು ನಿಂತಿದ್ದು ನೋಡಿ, ತೂಕದವನು ಎದ್ದು ಬಂದು ಫೋಟೊ ತೆಗೆದುಕೊಂಡ.

ತೊಳೆಯುವುದು ಎಲ್ಲಿ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಸಿರುಗುಪ್ಪದಲ್ಲಿ ತೊಳೆದರೆ ಹೊಟ್ಟು ಬಂದು ಕೂರುತ್ತದೆ. ಬಳ್ಳಾರಿಯಲ್ಲಿ ತೊಳೆದರೆ ಅದಿರಿನ ಕೆಂಪು ಧೂಳು. ಕೊನೆಗೆ ಮೆಕ್ಯಾನಿಕ್ಕೇ ದಾರಿ ತೋರಿಸಿದ. ಅವನ ಮನೆ ಕುರುಗೋಡಿನಲ್ಲಿ, ಗುಡ್ಡದ ಬುಡಕ್ಕೆ. ಅಂಗಳಕ್ಕೆಲ್ಲ ಚಪ್ಪಡಿ ಕಲ್ಲು ಹಾಸಿದೆ, ಬೋರ್‌ವೆಲ್ ಇದೆ. ಮನೆಯಲ್ಲಿ ತಾಯಿ ಒಬ್ಬರೇ, ಸೊಸೆಯಂತೂ ಇನ್ನೂ ಬಂದಿರಲಿಲ್ಲ. ಕಾರನ್ನು ಅಲ್ಲಿಗೆ ಒಯ್ದು ಜಾಕ್ ಮೇಲೆ ನಿಲ್ಲಿಸಿದೆವು.

ಮೂರು ದಿನ ಕಾರಿನ ಹೊಟ್ಟೆಯಲ್ಲಿ ಏನೇನು ಸಿಕ್ಕಿತೆಂದು ಹೇಳಿದರೆ ನೀವು ನಂಬುವುದಿಲ್ಲ. ಚಕ್ರದ ಮೇಲಿನ ಗೂಡಿನಲ್ಲಿ ದೇಶನೂರಿನ ಗದ್ದೆಯ ಎರೆಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರಿನಿಂದ ಕೆತ್ತಿ ತೆಗೆದೆವು. ಏರ್ ಫಿಲ್ಟರಿನಲ್ಲಿ ಒಂದು ಬೊಗಸೆ ತೌಡು. ಸೀಟಿನ ಕೆಳಗೆ ಶೇಂಗಾ ಸಿಪ್ಪೆ. ಮೆಕ್ಯಾನಿಕ್ ನೆಲದ ಮೇಲೆ ಕೂತು, ಬಾಗಿಲ ಒಳಮೈಯ ಹಲಗೆಯನ್ನು ಹೇಗೆ ಬಿಚ್ಚಬೇಕೆಂದು ನನಗೆ ತೋರಿಸಿದ: ಮೊದಲು ಹಿಡಿಯ ಸ್ಕ್ರೂ, ಆಮೇಲೆ ಅಂಚಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸುವುದು. "ಜೋರು ಮಾಡಬ್ಯಾಡ್ರಿ ಅಕ್ಕಾ, ಕ್ಲಿಪ್ ಮುರಿದ್ರ ಆ ದೇಶದಾಗ ಇದು ಸಿಗಂಗಿಲ್ಲ," ಎನ್ನುತ್ತಿದ್ದ. ನನ್ನ ಉಗುರು ಎರಡು ಮುರಿದವು, ಕ್ಲಿಪ್ಪು ಒಂದೂ ಮುರಿಯಲಿಲ್ಲ.

ತಾಯಿ ದಿನಕ್ಕೆ ನಾಲ್ಕು ಸಲ ಚಹಾ ತಂದುಕೊಡುವರು, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡುವರು. ಮುಂದಿನ ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯನ್ನು ನಾನು ಕತ್ತರಿಸಿದಾಗ ಅವರಿಗೆ ತಡೆಯಲಾಗಲಿಲ್ಲ.

"ಅದನ್ನೂ ತಗೀಬೇಕೇನವ್ವಾ? ದೃಷ್ಟಿಗೆ ಕಟ್ಟಿದ್ದದು."

"ಮೊಳಕಿ ಬರೋದು ಯಾವುದೂ ಇರಬಾರದಮ್ಮಾ. ನಿಂಬಿಹಣ್ಣಿನಾಗ ಬೀಜ ಐತಿ, ಮೆಣಸಿನಕಾಯಾಗ ಬೀಜ ಐತಿ. ಮೊಳಿಯೋದು ಒಂದ್ ಕಾಳು ಸಿಕ್ಕರೂ ನಿಮ್ಮ ಮಗನ ಗಾಡಿ ವಾಪಸ್ಸು."

"ಮೊಳಿಯೋದು ಇರಬಾರದು," ಎಂದು ಪಾಠ ಒಪ್ಪಿಸುವವರಂತೆ ತಾವೂ ಒಮ್ಮೆ ಹೇಳಿಕೊಂಡು ಒಳಗೆ ಹೋದರು. ನನ್ನ ಬಾಯಿ ಸ್ವಲ್ಪ ಜೋರು, ವಿವರಿಸುವ ತಾಳ್ಮೆ ಕಡಿಮೆ. ಆ ದಿನ ಇನ್ನು ಎರಡು ಮಾತು ಬಿಡಿಸಿ ಹೇಳಿದ್ದರೆ ಮುಂದಿನ ಫಜೀತಿ ಇರುತ್ತಿರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಮೂರನೆಯ ದಿನ ಸಂಜೆ ಕಾರಿಗೆ ಹೊಸ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದು ಚೊಕ್ಕಟವಾಗಿದೆ ಎಂಬ ಪತ್ರಕ್ಕೆ ನಾನೇ ಸಹಿ ಹಾಕಿದೆ. ಮೆಕ್ಯಾನಿಕ್ ಅದೇ ಸಂಜೆ ಬೆಂಗಳೂರಿಗೆ ಹೊರಟ. ಆತನ ಟಿಕೆಟ್ಟು ಕಾರಿಗಿಂತ ಮೊದಲಿನದು, ದಾರಿಯಲ್ಲಿ ಎರಡು ಕಡೆ ವಿಮಾನ ಬದಲಿಸಬೇಕಿತ್ತು. ಹೊರಡುವ ಮುಂಚೆ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಅಕ್ಕಾ, ಇದನ್ನ ನಿಮ್ಮ ಕೈಯಾಗ ಕೊಟ್ಟು ಹೊಂಟೀನಿ," ಎಂದ. "ಹೋಗಪ್ಪಾ ಹೋಗು, ಬಸ್ ತಪ್ಪತೈತಿ," ಎಂದು ಗದರಿಸಿ ಕಳಿಸಿದೆ.

ಮರುದಿನ ಬೆಳಿಗ್ಗೆ ಮುಚ್ಚಿದ ಲಾರಿ ಬಂತು. ಡ್ರೈವರ್ ಆಂಧ್ರದ ಗಡಿಗೆ ಹತ್ತಿದ ರಾರಾವಿಯವನು, ಮಾತಿನಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಕಾರನ್ನು ಏರಿಸುವ ಮುಂಚೆ ಓಣಿಯ ಹೆಣ್ಣುಮಕ್ಕಳು ಆರತಿ ತಂದರು. ನೀರನ್ನೂ ಚೆಲ್ಲಬೇಡಿ, ಕುಂಕುಮ ಪ್ಲಾಸ್ಟಿಕ್ಕಿನ ಮೇಲೆಯೇ ಹಚ್ಚಿ ಎಂದು ಕಾವಲು ನಿಂತೆ. ಕಾರಿಗೆ ಹಚ್ಚಿದ ಮೇಲೆ ಅವರವರೇ ಒಬ್ಬರಿಗೊಬ್ಬರು ಕುಂಕುಮ ಹಚ್ಚಿಕೊಂಡರು. ತಟ್ಟೆ ನನ್ನ ಮುಂದೆ ಬಂದು, ಒಂದು ಗಳಿಗೆ ನಿಂತು, ಮುಂದೆ ಹೋಯಿತು. ನನ್ನ ಗಂಡ ತೀರಿ ಹನ್ನೊಂದು ವರ್ಷವಾಯಿತು. ಇದು ನನಗೆ ಹೊಸದಲ್ಲ. ಇಂಥ ಹೊತ್ತಿಗೆಂದೇ ನಾನು ಮೊಬೈಲ್ ಇಟ್ಟುಕೊಂಡಿರುವುದು. ಆದರೂ ಮೂರು ದಿನ ಆ ಕಾರಿನ ಕೆಳಗೆ ಮಲಗಿ ಮಣ್ಣು ಕೆರೆದವಳು ನಾನು. ಚುರ್ ಎಂದಿತು, ಸುಳ್ಳು ಯಾಕೆ ಹೇಳಲಿ. ಮೊಬೈಲಿನಿಂದ ಕಣ್ಣೆತ್ತಿದರೆ ಮೆಕ್ಯಾನಿಕ್ಕಿನ ತಾಯಿ ಬಾಗಿಲ ಹಿಂದೆ ಅರ್ಧ ಮರೆಯಾಗಿ ನಿಂತಿದ್ದರು. ಗಂಡ ಹೋದವರು ಅವರೂ. ಮಗನ ಗಾಡಿಗೆ ಅವರು ಆರತಿ ಎತ್ತುವಂತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವರು ಯಾಕೋ ಸಣ್ಣಗೆ ನಕ್ಕರು. ಆ ನಗೆ ನನಗೆ ಆಗ ತಿಳಿಯಲಿಲ್ಲ.

ಲಾರಿಯಲ್ಲೇ ಕೂತು ಬೆಂಗಳೂರು ಮುಟ್ಟಿದೆ. ಮರುದಿನ ಬೆಳಿಗ್ಗೆ ಎಂಟಕ್ಕೆ ವಿಮಾನ ನಿಲ್ದಾಣದ ಸರಕು ವಿಭಾಗದ ಗೇಟಿನಲ್ಲಿದ್ದೆವು. ಆ ಕಡೆಗೆ ಸರಕು ವಿಮಾನ ವಾರಕ್ಕೊಂದೇ. ಮಧ್ಯಾಹ್ನ ಎರಡು ಗಂಟೆಗೆ ಸರಕು ಒಪ್ಪಿಸಿಕೊಳ್ಳುವುದನ್ನು ನಿಲ್ಲಿಸುತ್ತಾರೆ. ಅದು ತಪ್ಪಿದರೆ ಮುಂದಿನ ವಾರ, ಅಷ್ಟರಲ್ಲಿ ಆ ದಿನ ಮುಗಿದಿರುತ್ತದೆ. ಕಾಗದ ನೋಡಿದರು, ಪ್ಲಾಸ್ಟಿಕ್ ತೆಗೆಸಿ ಟ್ಯಾಂಕು ನೋಡಿದರು, ಬ್ಯಾಟರಿಯ ಟೇಪು ಎಳೆದು ನೋಡಿದರು. ಭದ್ರತೆಯ ನಾಯಿ ಬಂದು ಮೂಸಿ, ಬೇಸರದಿಂದ ಬಾಲ ತಿರುಗಿಸಿ ಹೋಯಿತು. ಎಲ್ಲ ಸರಾಗ. ಹತ್ತೂವರೆಗೆ ಕಾರನ್ನು ಕೈಯಿಂದ ನೂಕುತ್ತ, ಇಳಿಜಾರು ಹಲಗೆಯ ಮೇಲಿಂದ ಅಲ್ಯುಮಿನಿಯಂ ತಟ್ಟೆಗೆ ಏರಿಸತೊಡಗಿದರು. ಪ್ಯಾಲೆಟ್ ಎನ್ನುತ್ತಾರೆ ಅದಕ್ಕೆ. ಅದರ ಮೇಲೆ ಕಾರನ್ನು ಪಟ್ಟಿಗಳಿಂದ ಬಿಗಿದು, ತಟ್ಟೆ ಸಮೇತ ವಿಮಾನದೊಳಗೆ ಜಾರಿಸುವುದು.

ಕಾರಿನ ಮೂತಿ ಮೇಲಾಗಿ, ಹಿಂಭಾಗ ಕೆಳಗಾಯಿತು. ಆಗ ಚಿಲ್ ಚಿಲ್ ಎಂದು ಏನೋ ಸದ್ದು. ನಾನು ಹಿಂದೆಯೇ ನಡೆಯುತ್ತಿದ್ದೆ. ಕನ್ನಡಿಯಂತೆ ಹೊಳೆಯುವ ಆ ನೆಲದ ಮೇಲೆ ಐದಾರು ಅಕ್ಕಿಕಾಳು ಬಿದ್ದಿದ್ದವು. ಹಳದಿ ಹಳದಿ, ಅರಿಷಿಣ ಹಚ್ಚಿದ ಅಕ್ಕಿ. ಬಲಬಾಗಿಲ ಬುಡದಲ್ಲಿ ಮಳೆನೀರು ಹೊರಹೋಗಲೆಂದು ಒಂದು ಸಣ್ಣ ತೂತು ಇರುತ್ತದೆ, ಅಲ್ಲಿಂದ ಉದುರಿದ್ದು.

ಹಳದಿ ಅಕ್ಕಿ ಎಂದರೆ ನಮ್ಮ ಕಡೆಯ ಯಾವ ಹೆಣ್ಣಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಮಗಳು ದೂರ ಹೊರಟರೆ ಉಡಿ ತುಂಬಿ ಕಳಿಸುತ್ತೇವೆ. ಸೆರಗಿನಲ್ಲಿ ಐದು ಹಿಡಿ ಅಕ್ಕಿ ಹಾಕಿ, ಹೋದ ಕಡೆ ಉಂಡು ತಣ್ಣಗಿರು ಎಂದು. ಯಾರೋ ಕಾರಿಗೆ ಉಡಿ ತುಂಬಿದ್ದರು. ಯಾರು ಎಂಬುದೂ ಆ ಕ್ಷಣದಲ್ಲೇ ಹೊಳೆಯಿತು. ಆ ಸಣ್ಣ ನಗೆ!

ಲಾರಿ ಡ್ರೈವರನೂ ನೋಡಿದ್ದ. ಮೆಲ್ಲಗೆ ಬಂದು ಚಪ್ಪಲಿ ಕಾಲನ್ನು ಕಾಳಿನ ಮೇಲಿಟ್ಟ.

"ಅಕ್ಕಾ, ಯಾರೂ ನೋಡಿಲ್ಲ. ಸುಮ್ಕಿರ್ರಿ. ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ದರಂತ."

ಅವನ ಮಾತು ಒಂದು ನಿಮಿಷ ನನಗೆ ಬಹಳ ರುಚಿಸಿತು. ನೆಲದ ಕಾಳು ಗುಡಿಸಿ ಜೇಬಿಗೆ ಹಾಕಿಕೊಂಡರೆ ಇಲ್ಲಿ ಕೇಳುವವರಿಲ್ಲ. ಆದರೆ ಅಲ್ಲಿ? ಬಾಗಿಲೊಳಗೆ ಇನ್ನೆಷ್ಟಿದೆಯೋ. ಅಲ್ಲಿ ಇಳಿಸುವಾಗ ಒಂದೇ ಒಂದು ಕಾಳು ಉದುರಿದರೂ ಮೆಕ್ಯಾನಿಕ್ ಆ ಪರದೇಶದಲ್ಲಿ ಬರಿಗೈಯಲ್ಲಿ ಕೂರಬೇಕು. ಹೇಳಿದರೆ ವಿಮಾನ ತಪ್ಪಬಹುದು, ಹೇಳದಿದ್ದರೆ ಎಲ್ಲವೂ ತಪ್ಪಬಹುದು. ಜೊತೆಗೆ, ಚೊಕ್ಕಟ ಎಂದು ಸಹಿ ಮಾಡಿದವಳು ನಾನು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು.

"ಕಾಲು ತಗಿ ತಮ್ಮಾ," ಎಂದೆ. ಕಾಳುಗಳನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡು ಸರಕು ಒಪ್ಪಿಸಿಕೊಳ್ಳುವ ಅಧಿಕಾರಿಯ ಮೇಜಿನ ಮುಂದೆ ಕೈ ಚಾಚಿದೆ. "ಸಾರ್, ನನ್ನ ಸಹಿ ತಪ್ಪಾಗೈತಿ. ಗಾಡಿಯೊಳಗ ಅಕ್ಕಿ ಐತಿ."

ಅವರು ಮೈಸೂರು ಕಡೆಯ ಮಾತಿನ, ಇನ್ನೂ ಮೂವತ್ತು ದಾಟದ ಮನುಷ್ಯ. ಅಕ್ಕಿ ನೋಡಿದರು, ನನ್ನ ಮುಖ ನೋಡಿದರು.

"ಏನ್ ಮೇಡಂ ಇದು, ಅಕ್ಷತೆನಾ?"

"ಉಡಿ ಅಕ್ಕಿ ಸಾರ್," ಎಂದು ಎಲ್ಲವನ್ನೂ ಹೇಳಿದೆ: ಕೈಯಲ್ಲಿ ಓಡುವ ಕಾರು, ಆಗಲೇ ಹೊರಟುಹೋದ ಮೆಕ್ಯಾನಿಕ್, ಅವನ ತಾಯಿ. ಅವರು ಗಡಿಯಾರ ನೋಡಿದರು. ಕಾರನ್ನು ಒಳಗೆ ಬಿಚ್ಚುವಂತಿಲ್ಲ, ಲಾರಿ ನಿಲ್ಲುವ ಕಟ್ಟೆಗೆ ವಾಪಸ್ ಒಯ್ಯಿರಿ, ಬಿಚ್ಚಿ ತೆಗೆದು ಹೊಸ ಪತ್ರ ಬರೆದುಕೊಡಿ, ತಪಾಸಣೆ ಮೊದಲಿನಿಂದ ಆಗಬೇಕು ಎಂದರು. ಆಮೇಲೆ ದನಿ ತಗ್ಗಿಸಿ, "ಒಂದೂಮುಕ್ಕಾಲಿಗೆ ಮುಗಿಸ್ಕೊಂಡ್ ಬನ್ನಿ. ನಿಮ್ಮ ಪ್ಯಾಲೆಟ್ ಕೊನೇಗೆ ಕಟ್ಟಿಸ್ತೀನಿ," ಎಂದರು. ನಿಯಮ ಒಂದೂ ಮುರಿಯದೆ, ಸರದಿ ಮಾತ್ರ ಹಿಂದೆ ಹಾಕಿದ ಆ ಮನುಷ್ಯನ ಹೊಟ್ಟೆ ತಣ್ಣಗಿರಲಿ.

ಮೆಕ್ಯಾನಿಕ್ಕಿಗೆ ಫೋನು ಹೋಗುವಂತಿರಲಿಲ್ಲ, ಆತ ಆಗ ಆಕಾಶದಲ್ಲಿದ್ದ. ಕುರುಗೋಡಿಗೆ ಹಚ್ಚಿದೆ.

"ಅಮ್ಮಾ, ಗಾಡಿಗೆ ಉಡಿ ತುಂಬೀರೇನು?"

"ಸಿಕ್ತೇನವ್ವಾ?" ಎಂದರು.

ನನ್ನ ಸಿಟ್ಟು ನೆತ್ತಿಗೇರಿತು. "ಸಿಕ್ತೇನು ಅಂತೀರಲ್ಲ! ಮೊಳಿಯೋದು ಇರಬಾರದು ಅಂತ ಬಾಯಿ ಬಡ್ಕೊಂಡಿದ್ದಿಲ್ಲೇನು ನಾ?"

"ಅದಕ್ಕಽ ಭತ್ತ ಹಾಕಲಿಲ್ಲವ್ವಾ, ಅಕ್ಕಿ ಹಾಕೀನಿ. ಅಕ್ಕಿ ಬಿತ್ತಿದ್ರ ಎಲ್ಲ್ಯಾರ ಮೊಳೀತೈತೇನು? ಅರಿಷಿಣ ಕೊಂಬು ಚಿಗೀತೈತಿ ಅಂತ ಬರೀ ಪುಡಿ ಹಚ್ಚೀನಿ. ಅಡಿಕಿ ಇಲ್ಲ, ಉತ್ತತ್ತಿ ಇಲ್ಲ. ನೀ ಹೇಳಿದಂಗ ಮಾಡೀನಿ."

ಸಿಟ್ಟೆಲ್ಲ ಇಳಿದುಹೋಯಿತು. ಸಿರುಗುಪ್ಪದ ನೀರಾವರಿ ಗದ್ದೆಯಲ್ಲಿ ನಾಟಿ ಹಚ್ಚಿದ ಹೆಂಗಸು, ಮೊಳೆಯುವುದು ಯಾವುದು ಮೊಳೆಯದ್ದು ಯಾವುದು ಎಂದು ನನಗಿಂತ ಚೆನ್ನಾಗಿ ಬಲ್ಲವರು. ತಪ್ಪು ಅರ್ಧ ನನ್ನ ನಾಲಿಗೆಯದೇ.

"ಅಕ್ಕಿನೂ ನಡಿಯಂಗಿಲ್ಲಮ್ಮಾ, ಕಾಳಂದ್ರ ಕಾಳು. ಎಲ್ಲೆಲ್ಲಿ ಹಾಕೀರಿ ಹೇಳ್ರಿ, ತಗೀಬೇಕು."

"ತಗಿಯೋದಾ?" ಎಂದರು. "ತುಂಬಿದ ಉಡಿ ಬರಿದು ಮಾಡಬಾರದವ್ವಾ. ನನ್ನ ಮಗ ಅಲ್ಲಿಗೆ ಒಬ್ನೇ ಹೊಂಟಾನ. ನಾ ಹೇಳಂಗಿಲ್ಲ."

ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಡ್ರೈವರ್ ಸ್ಕ್ರೂಡ್ರೈವರ್ ಹಿಡಿದು ನನ್ನ ಬಾಯಿ ನೋಡುತ್ತಿದ್ದ. ಇಡೀ ಕಾರು ಬಿಚ್ಚಿ ಹುಡುಕುತ್ತ ಕೂತರೆ ಸಂಜೆಯಾಗುತ್ತದೆ. ಬೈದರೆ ಅವರು ಫೋನಿಡುತ್ತಾರೆ. ನನಗೆ ಬುದ್ಧಿ ಓಡಲಿಲ್ಲ. ಅತ್ತ ಆ ತಾಯಿ ಮೂಗೆಳೆಯುವುದು ಕೇಳುತ್ತಿತ್ತು.

"ಅಮ್ಮಾ, ಮೊದಲಽ ಯಾಕ ಹೇಳಲಿಲ್ಲ? ಆರತಿ ಮಾಡಿದ ಹೆಣ್ಮಕ್ಕಳ ಕೈಲೇ ಸುಮ್ನ ಅಕ್ಕಿ ಮುಟ್ಟಿಸಿ ತಗೀಬಹುದಿತ್ತಲ್ಲ?"

"ನನ್ನ ಕೈಯಿಂದ ತುಂಬಬೇಕು ಅಂತ ಇತ್ತವ್ವಾ. ಹೇಳಿದ್ರ ಬಿಡ್ತಿದ್ರೇನು? ಗಂಡ ಇಲ್ದಾಕಿ ಉಡಿ ತುಂಬತಾಳೇನು? ಅದಕ್ಕಽ ಕೋಳಿ ಕೂಗೋದ್ರಾಗ ಎದ್ದು, ಪ್ಲಾಸ್ಟಿಕ್ ಸರಿಸಿ ಒಬ್ಬಾಕಿನಽ ತುಂಬಿದೆ. ಮಗಳಿಲ್ಲ ನನಗ. ಅದಽ ನನ್ನ ಮಗಳು."

ನಾನು ಕಟ್ಟೆಯ ಅಂಚಿಗೆ ಕೂತುಬಿಟ್ಟೆ. ಏನು ಮಾಡಬೇಕೆಂಬುದು ಆಗ ತಾನಾಗಿಯೇ ಬಾಯಿಗೆ ಬಂತು.

"ಅಮ್ಮಾ, ಕೇಳ್ರಿ ಇಲ್ಲಿ. ಬರಿದು ಮಾಡಂಗಿಲ್ಲ. ನಿಮ್ಮ ಮಗಳ ಉಡಿ ನಾ ಇಸ್ಕೊಂತೀನಿ. ಒಂದು ಕಾಳು ನೆಲಕ್ಕ ಬೀಳಂಗಿಲ್ಲ, ಕಸಕ್ಕ ಹೋಗಂಗಿಲ್ಲ. ನನ್ನ ಸೆರಗಿನಾಗ ಹಾಕ್ಕೊಂತೀನಿ."

ನಾನೂ ಗಂಡನಿಲ್ಲದವಳೇ ಎಂಬುದು ಅವರಿಗೆ ಗೊತ್ತಿತ್ತು. ಆರತಿ ತಟ್ಟೆ ನನ್ನ ಮುಂದೆ ನಿಂತು ಹೋದದ್ದನ್ನು ಕಂಡವರು ಅವರು.

"ಹಾಕ್ಕೋತೀಯೇನವ್ವಾ ಖರೇನಽ?"

"ಹಾಕ್ಕೊಂತೀನಮ್ಮಾ."

"ಹಂಗಾರ ಬರಕೋ," ಎಂದರು.

ಎಡಗಡೆಯ ಸೀಟಿನ ಕೆಳಗೆ ಒಂದು, ಹಿಂದಿನ ಸೀಟಿನ ಸಂದಿಯಲ್ಲಿ ಒಂದು, ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ಒಂದು, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಕಾಗದಗಳ ಹಿಂದೆ ಒಂದು. ಈ ನಾಲ್ಕೂ ಕುಬಸದ ತುಂಡಿನಲ್ಲಿ ಗಂಟು ಕಟ್ಟಿದ್ದವು, ಹತ್ತು ನಿಮಿಷದಲ್ಲಿ ಸಿಕ್ಕವು. ಐದನೆಯದನ್ನು ಕಾರು ಓಡಿಸುವವನ ಕಡೆಯ ಬಾಗಿಲ ಗಾಜಿನ ಸಂದಿಯಿಂದ ಸಡಿಲವಾಗಿಯೇ ಸುರಿದಿದ್ದರು. ಗಂಟು ಅಲ್ಲಿ ತೂರಲಿಲ್ಲವಂತೆ. "ಅಲ್ಲೇ ಯಾಕ ಹಾಕಿದ್ರಿ?" ಎಂದರೆ, "ಅವನ ಕೈ ಅಲ್ಲೇ ಇರ್ತೈತಲ್ಲವ್ವಾ," ಎಂದರು. ಬ್ರೇಕಿನ ಹಿಡಿಕೆ ಇರುವ ಜಾಗ ಅದು.

ನಾನು ಅಂದು ಚೂಡಿದಾರ ತೊಟ್ಟಿದ್ದೆ. ಸೆರಗೆಲ್ಲಿಂದ ಬರಬೇಕು? ಗೇಟಿನಲ್ಲಿ ತೊಡಿಸಿದ್ದ, ಹೊಳೆಯುವ ಪಟ್ಟಿಯ ಹಸಿರು ಜಾಕೆಟ್ಟಿನ ಮೇಲೆ ವೇಲು ಬಿಗಿದು, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ ಉಡಿ ಮಾಡಿಕೊಂಡೆ. ಮೆಕ್ಯಾನಿಕ್ ಕಲಿಸಿದ್ದ ಹಾಗೆಯೇ ಮೊದಲು ಹಿಡಿಯ ಸ್ಕ್ರೂ, ಆಮೇಲೆ ಅಂಚಿನ ಕ್ಲಿಪ್ಪು. ಹಲಗೆ ಕಳಚಿ ಬಂತು. ಒಳಗೆ ಬಾಗಿಲ ತಳದಲ್ಲಿ ಅಕ್ಕಿ ಗೆರೆ ಎಳೆದಂತೆ ಹರಡಿತ್ತು. ಡ್ರೈವರ್ ಟಾರ್ಚು ಹಿಡಿದ, ನಾನು ಕೈ ಹಾಕಿ ಚಿಟಿಕೆ ಚಿಟಿಕೆಯಾಗಿ ತೆಗೆದು ವೇಲಿಗೆ ಹಾಕಿಕೊಂಡೆ. ತಗಡಿನ ಅಂಚು ಬೆರಳನ್ನು ಮೂರು ಕಡೆ ಸೀಳಿತು.

"ಅಕ್ಕಾ, ಉಳಿದದ್ದು ಮಿಷಿನ್ ಹಚ್ಚಿ ಎಳೀರಿ, ಟೈಮಿಲ್ಲ," ಎಂದ ಡ್ರೈವರ್. ಬೆರಳಿಗೆ ನಿಲುಕದ ಮೂಲೆಗೆ ಅಧಿಕಾರಿಯೇ ಕೊಡಿಸಿದ್ದ ವ್ಯಾಕ್ಯೂಮ್ ಹಚ್ಚಿದೆವು. ಕಟಕಟ ಎಂದು ಕೊನೆಯ ಕಾಳುಗಳು ಒಳಗೆ ಹೋದವು. ಕಳೆದ ಸಲ ನಂಬಿ ಕೆಟ್ಟಿದ್ದೆ. ಈ ಸಲ ಬಾಗಿಲನ್ನು ಗುದ್ದಿದೆ, ತೂತಿಗೆ ತಂತಿ ಹಾಕಿ ಆಡಿಸಿದೆ, ಸಣ್ಣ ಕನ್ನಡಿ ಹಿಡಿದು ನೋಡಿದೆ. ಉಳಿದ ಮೂರು ಬಾಗಿಲನ್ನೂ ಬಿಡಲಿಲ್ಲ. ಆಮೇಲೆ ವ್ಯಾಕ್ಯೂಮಿನ ಚೀಲ ಬಿಚ್ಚಿ, ಧೂಳಿನಿಂದ ಕಾಳು ಹೆಕ್ಕುತ್ತ ಕೂತೆ.

"ಏನ್ ಮೇಡಂ, ಟೈಮ್ ಆಗ್ತಿದೆ, ಕಸದಲ್ಲಿ ಏನ್ ಹುಡುಕ್ತಿದೀರಾ?" ಎನ್ನುತ್ತ ಅಧಿಕಾರಿ ಬಂದರು.

"ಮಾತು ಕೊಟ್ಟೀನಿ ಸಾರ್," ಎಂದೆ.

ಅವರು ಪ್ಯಾಂಟು ಮೇಲೆಳೆದುಕೊಂಡು ಪಕ್ಕದಲ್ಲೇ ಕುಕ್ಕರಿಸಿದರು. ಇಬ್ಬರೂ ಸೇರಿ ಹದಿನಾಲ್ಕು ಕಾಳು ಹೆಕ್ಕಿದೆವು. ಏಳುವಾಗ, "ನೀವು ಹೇಳ್ದೇ ಹೋಗಿದ್ರೆ ನನಗೆ ಗೊತ್ತಾಗ್ತಾನೇ ಇರಲಿಲ್ಲ ಮೇಡಂ," ಎಂದರು. ಒಂದೂವರೆಗೆ ಹಲಗೆ ಕೂರಿಸಿ, ಹೊಸ ಪತ್ರಕ್ಕೆ ಸಹಿ ಹಾಕಿದೆ. ನಾಯಿ ಮತ್ತೆ ಬಂದು ಮೂಸಿತು. ಒಂದೂ ಐವತ್ತೆರಡಕ್ಕೆ ಕಾರು ಮತ್ತೆ ಆ ಇಳಿಜಾರು ಹಲಗೆ ಏರಿತು. ನಾನು ಹಿಂದೆ ಬಗ್ಗಿ, ಕಿವಿಗೊಟ್ಟು ನಡೆದೆ. ಚಕ್ರದ ಕಿರಿಕಿರಿ ಬಿಟ್ಟು ಬೇರೆ ಸದ್ದಿಲ್ಲ. ಪಟ್ಟಿಗಳನ್ನು ಬಿಗಿದರು, ಬಲೆ ಹೊದಿಸಿದರು, ರೋಲರುಗಳ ಮೇಲೆ ಕಾರು ತೇಲುತ್ತ ಒಳಗೆ ಹೋಯಿತು. ವಾಪಸ್ ಬರುವಾಗ ಲಾರಿಯ ಕ್ಯಾಬಿನ್ನಿನಲ್ಲಿ ವೇಲಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ನಾನು ಬಳ್ಳಾರಿಯವರೆಗೆ ನಿದ್ದೆ ಹೊಡೆದೆ.

ಐದನೆಯ ದಿನ ಮೆಕ್ಯಾನಿಕ್ಕಿನ ಫೋನು ಬಂತು. "ಅಕ್ಕಾ, ಅರ್ಧ ತಾಸು ತಪಾಸಣಿ ಮಾಡಿದ್ರು. ಬಾಗಿಲ ಬುಡದ ತೂತಿಗೂ ಟಾರ್ಚ್ ಹಾಕಿ ನೋಡಿದ್ರು. ಏನೂ ಸಿಗಲಿಲ್ಲ. ಒಳ್ಳೇ ಚೊಕ್ಕಟ ಮಾಡೀರಿ ಅಂತ ಹೇಳಿದ್ರು." ನಾನು ಆಫೀಸಿನ ಕುರ್ಚಿಯಲ್ಲಿ ಕೂತಿದ್ದವಳು ಎದ್ದು ನಿಂತೆ. ತಾಯಿಯ ಅಕ್ಕಿಯ ಸುದ್ದಿ ಅವನಿಗೆ ಹೇಳಲಿಲ್ಲ, ಅದು ತಾಯಿಯೇ ಹೇಳಬೇಕಾದ ಮಾತು. ಕಾರು ಓಡಿಸಿ ನೋಡುವ ಆ ದಿನ ಕಳೆದ ಮೇಲೆ ಮತ್ತೆ ಫೋನು ಮಾಡಿದ. ಹೊಲದಲ್ಲಿ ಬಿದ್ದು ಕಾಲು ಕಳೆದುಕೊಂಡ ಒಬ್ಬ ರೈತ ನಮ್ಮ ಕಾರು ಹತ್ತಿ ಮೈದಾನ ಸುತ್ತಿದನಂತೆ, ಎಲ್ಲರೂ ಸಾಕು ಎಂದರೂ ಇಳಿಯಲಿಲ್ಲವಂತೆ. "ನಾಕು ಸುತ್ತು ಹೊಡೆದ ಅಕ್ಕಾ! ಇಳಿದು ನನ್ನ ಕೈ ಹಿಡ್ಕೊಂಡು ಬಿಡಲೇ ಇಲ್ಲ." ಆ ಮಾದರಿಯನ್ನು ಮಾಡಿಸಿಕೊಡುವುದಾಗಿ ಸಂಸ್ಥೆಯವರು ಕಾಗದದಲ್ಲೇ ಬರೆದುಕೊಟ್ಟರು. ಫೋನಿನಲ್ಲಿ ಆತ ಅಳುತ್ತಿದ್ದ, ಇಲ್ಲಿ ನಾನೂ. ಇಬ್ಬರೂ ನೆಗಡಿ ಎಂದೆವು.

ಮರುದಿನವೇ ಅಕ್ಕಿಯ ಗಂಟು ತೆಗೆದುಕೊಂಡು ಕುರುಗೋಡಿಗೆ ಹೋದೆ. ಒಪ್ಪಿಸಿಬಿಡಬೇಕೆಂದಿದ್ದೆ. ತಾಯಿ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಗಂಟನ್ನು ಮುಂದಿಟ್ಟು, "ಒಂದು ಕಾಳೂ ಕಮ್ಮಿ ಇಲ್ಲಮ್ಮಾ. ಕಸದಾಗಿಂದನೂ ಆರಿಸೀನಿ," ಎಂದೆ.

ಅವರು ಮುಟ್ಟಲಿಲ್ಲ. "ತುಂಬಿದ ಉಡಿ ಯಾರಾದರೂ ವಾಪಸ್ ತರತಾರೇನು ಹುಚ್ಚಿ? ಒಯ್ದು ಅನ್ನ ಮಾಡಿ ಉಣ್ಣು."

"ನನಗ್ಯಾಕಮ್ಮಾ? ನಾ..." ಎನ್ನುತ್ತ ಗಂಟನ್ನು ಅವರ ಕಡೆಗೇ ಸರಿಸಿದೆ.

"ನಾ ತುಂಬಬಾರದಾಗಿತ್ತು. ನೀ ತುಂಬಿಸ್ಕೋಬಾರದಾಗಿತ್ತು. ಎರಡೂ ಆಗೇಹೋತಲ್ಲ," ಎಂದರು. "ಏನ್ ಕೆಟ್ಟಾತು ಹೇಳು? ನನ್ನ ಮಗನ ಗಾಡಿ ಮುಟ್ಟಲಿಲ್ಲೇನು?"

ಎದ್ದು ಒಳಗೆ ಹೋಗಿ ಒಂದು ಕೊಬ್ಬರಿ ಬಟ್ಟಲು ತಂದರು, ಎರಡು ಅರಿಷಿಣ ಕೊಂಬು ತಂದರು. "ಇವು ಆಗ ಹಾಕಿದ್ದಿಲ್ಲ, ನೀ ಬೈತಿ ಅಂತ," ಎಂದು ನಗುತ್ತ ಅಕ್ಕಿಯ ಮೇಲಿಟ್ಟರು. ಓಣಿಯ ಇಬ್ಬರು ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಎದುರಿಗೇ ನಾನು ವೇಲು ಹಿಡಿದೆ. ಹನ್ನೊಂದು ವರ್ಷದ ಮೇಲೆ. ಅವರಲ್ಲಿ ಒಬ್ಬಾಕೆ ನೆಲ ನೋಡಿದಳು, ಇನ್ನೊಬ್ಬಾಕೆ ಒಳಗೆ ಬಂದು ನನಗೆ ಕುಡಿಯಲು ನೀರು ಕೊಟ್ಟಳು.

ಆ ರಾತ್ರಿ ಬಳ್ಳಾರಿಯ ಮನೆಯಲ್ಲಿ ಒಬ್ಬಳಿಗೇ ಅನ್ನಕ್ಕಿಟ್ಟೆ. ಎಷ್ಟು ಸಲ ತೊಳೆದರೂ ಅರಿಷಿಣ ಬಿಡಲಿಲ್ಲ, ಅನ್ನ ಹಳದಿಯಾಗಿಯೇ ಬೆಂದಿತು. ತುಪ್ಪ ಹಾಕಿಕೊಂಡು ಎರಡು ಸಲ ಬಡಿಸಿಕೊಂಡೆ.